ಸೊರಟೂರ ಬಸ್‌ಸ್ಟ್ಯಾಂಡಿನ ಫ್ಲೆಕ್ಸು

ಸೊರಟೂರ
8 ಜುಲೈ 2024

ಮಮತಾ,

ನಾನು ಆರಾಮ ಇದ್ದೇನೆ ಎಂದು ಬರೆದರೆ ಅದು ಸುಳ್ಳು. ನೀನು ಹೇಗಿದ್ದೀ ಎಂದು ಕೇಳಿದರೆ ನೀನು ಸುಳ್ಳು ಹೇಳುತ್ತೀ. ಅದಕ್ಕೇ ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಹೋದ ಗುರುವಾರ ನಿನ್ನ ಸೋದರಮಾವನ ಮಗ ಹುಲಿಗೇಶ ಬೆಟಗೇರಿಯ ತನ್ನ ಅಂಗಡಿಯಲ್ಲಿ ಎಂಟು ಅಡಿಯ ಫ್ಲೆಕ್ಸು ಅಚ್ಚು ಹಾಕಿ ತಂದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ. "ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಪದವಿ ಪಡೆದು ವಿಜ್ಞಾನಿಯಾದ ಸೊರಟೂರಿನ ಹೆಮ್ಮೆಯ ಪುತ್ರಿ ಕುಮಾರಿ ಮಮತಾ ಹೊಳೆಯಪ್ಪ ಇವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಶುಭ ಕೋರುವವರ ಮುಖಗಳು, ನಡುವೆ ಕಪ್ಪು ಕನ್ನಡಕ ಹಾಕಿಕೊಂಡ ಅವನದೇ ದೊಡ್ಡ ಮುಖ. ಎಲ್ಲಕ್ಕಿಂತ ಮೇಲೆ ನೀನು. ಬಿಳಿ ಏಪ್ರನ್ ಕಟ್ಟಿಕೊಂಡು, ಒಂದು ಕೈಯಲ್ಲಿ ಉದ್ದನೆಯ ಮರದ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಕಂದು ಬಣ್ಣದ್ದೇನೋ ತುಂಬಿದ ಗಾಜಿನ ಲೋಟವನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದೀ. ನಿನ್ನ ಸ್ಟೇಟಸ್ಸಿನಿಂದ ತೆಗೆದ ಫೋಟೋವಂತೆ. "ಅತ್ತಿ, ಲ್ಯಾಬಿನ ಮಷೀನು ಹೆಂಗೈತಿ ನೋಡು" ಎಂದು ಹುಲಿಗೇಶ ಎದೆಯುಬ್ಬಿಸಿದ. ನಾನೂ ಮಳ್ಳಿ. ನನ್ನ ಅಂಗನವಾಡಿಯ ಹುಡುಗರನ್ನೆಲ್ಲ ಸಾಲು ಹಚ್ಚಿ ಕರೆದುಕೊಂಡು ಹೋಗಿ "ನೋಡ್ರೆಪಾ, ಸಾಲಿ ಕಲತ್ರ ಹಿಂಗ ಆಗ್ತೀರಿ" ಎಂದು ತೋರಿಸಿ ಬಂದೆ.

ಮೂರನೆಯ ದಿನ ಅಂದಾನಪ್ಪ ಅದರ ಮುಂದೆ ನಿಂತ. ಬೆಳಗಿನ ಗದಗ ಬಸ್ಸಿಗೆ ಕಾಯುವ ಮಂದಿಯೆಲ್ಲ ಇದ್ದರು, ನಾನೂ ಇದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾವಂತ್ರೆವ್ವ, ನಾ ಗೋವಾ ನೋಡಿ ಬಂದಾಂವ ಅದೀನಿ. ಇದು ಲ್ಯಾಬಲ್ಲವಾ, ಬಾರು. ನಿನ್ನ ಮಗಳು ಅಲ್ಲಿ ಬಿಯರ್ ಹಾಕಾಕತ್ಯಾಳ!"

ಅಂದಾನಪ್ಪ ಏಕೆ ಅಷ್ಟು ಖುಷಿಪಟ್ಟ ಎಂದು ನಿನಗೆ ಗೊತ್ತಿರಬೇಕು. ನಮ್ಮ ಅಂಗನವಾಡಿಯ ಎದುರಿಗಿನ ಅವನ ಜಾಗದಲ್ಲಿ ಸೆರೆ ಕುಡಿಸುವ ಅಂಗಡಿ ತೆರೆಯಲಿಕ್ಕೆ ಅರ್ಜಿ ಹಾಕಿದ್ದಾನೆ. ಅಕ್ಟೋಬರ್ ಎರಡರಂದು ಗ್ರಾಮಸಭೆ. ಅಲ್ಲಿ ಊರು ಬೇಡ ಎಂದು ಠರಾವು ಮಾಡಿದರೆ ಅವನ ಅರ್ಜಿಗೆ ಅಡ್ಡಗಾಲು. ಸಂಕ್ರಾಂತಿ ಮುಗಿದಾಗಿನಿಂದ ನಾನು, ಹನಮಂತವ್ವ, ಸಂಘದ ಹೆಣ್ಣುಮಕ್ಕಳು ಮನೆಮನೆ ತಿರುಗಿ ಸಹಿ ಮಾಡಿಸುತ್ತಿದ್ದೇವೆ. ಈಗ ಯಾರ ಬಾಗಿಲಿಗೆ ಹೋದರೂ ಒಂದೇ ಮಾತು: "ಮೊದಲ ನಿನ್ನ ಮಗಳ ಕೈಯಾನ ಲೋಟ ಇಳಸವಾ."

ಖರೆ ಏನು, ಬರೆ. ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದದಲ್ಲಿ ಸುಳ್ಳು ಬರೆದರೆ ಅದು ಹಾಗೇ ಉಳಿಯುತ್ತದೆ ಎನ್ನುವುದು ನೆನಪಿರಲಿ.

ಇನ್ನೂ ಸಿಟ್ಟು ಇಳಿಯದ
ಸಾವಂತ್ರೆವ್ವ

•

ಡರ್ಬಿಶೈರ್, ಇಂಗ್ಲೆಂಡ್
26 ಜುಲೈ 2024

ಅವ್ವಾ,

ಅಂದಾನಪ್ಪ ಹೇಳಿದ್ದು ಖರೆ. ಅದು ಲ್ಯಾಬಲ್ಲ, ಪಬ್ಬು. ನನ್ನ ಕೈಯಲ್ಲಿರುವುದು ಬಿಯರೇ. ಹದಿನಾಲ್ಕು ತಿಂಗಳಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ. ಲ್ಯಾಬು ಎಂದು ಹೇಳಿದ್ದು ನನ್ನ ತಪ್ಪು, ಅದಕ್ಕೆ ನಿನ್ನ ಕಾಲು ಹಿಡಿಯುತ್ತೇನೆ. ಆದರೆ ಕೆಲಸ ತಪ್ಪಲ್ಲ. ಅದಕ್ಕೂ ಕ್ಷಮೆ ಕೇಳು ಎಂದರೆ ಕೇಳುವುದಿಲ್ಲ.

ಆಹಾರ ವಿಜ್ಞಾನ ಎಂದು ಹೇಳಿ ಬಂದೆನಲ್ಲ, ಅದರಲ್ಲಿ ನಾನು ಕಲಿತದ್ದು ಹುದುಗು ಬರಿಸುವ ವಿದ್ಯೆ. ಏಕೆ ಎಂದು ಕೇಳುತ್ತೀ. ಅಪ್ಪ ಸಾಯುವಾಗ ನನಗೆ ಒಂಬತ್ತು ವರ್ಷ. ಅವನ ಅಂಗಿಯ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಆ ಸಾರಾಯಿ ಪ್ಯಾಕೆಟ್ಟಿನಲ್ಲಿ ಅಂಥದ್ದೇನಿತ್ತು, ಹಮಾಲಿ ಮಾಡಿ ಕ್ವಿಂಟಲ್ ಚೀಲ ಎತ್ತುತ್ತಿದ್ದ ಮನುಷ್ಯನನ್ನು ಅದು ಹೇಗೆ ಕೆಡವಿತು, ನನಗೆ ತಿಳಿಯಬೇಕಿತ್ತು. ನೀನು ಅದನ್ನು ಊರಿನಿಂದ ಹೊರಗಿಡಲು ಹೊರಟೆ. ನಾನು ಅದರ ಒಳಗೆ ಹೋಗಿ ನೋಡಲು ಹೊರಟೆ. ಕಲಿತ ಮೇಲೆ ತಿಳಿದದ್ದು ಇಷ್ಟು: ಆ ಪ್ಯಾಕೆಟ್ಟಿನಲ್ಲಿ ಸ್ಪಿರಿಟ್ಟು ಮತ್ತು ನೀರು ಬಿಟ್ಟು ಏನೂ ಇರಲಿಲ್ಲ.

ನಾನಿರುವ ಪಬ್ಬಿನ ಹೆಸರು 'ಮೂರು ಕುರಿ'. ಮುನ್ನೂರು ವರ್ಷದ ಕಲ್ಲಿನ ಮನೆ, ಬಾಗಿ ಒಳಗೆ ಹೋಗಬೇಕು. ಒಡತಿ ಡೋರೀನ್, ಅರವತ್ತೆಂಟರ ವಿಧವೆ, ಬಾಯಿ ನಿನ್ನಷ್ಟೇ ಜೋರು. ನೆಲಮಾಳಿಗೆ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿನ ಅಸಲಿ ಬಿಯರು, ಅದನ್ನು ಏಲ್ ಅನ್ನುತ್ತಾರೆ, ಪೀಪಾಯಿಯೊಳಗೆ ಇನ್ನೂ ಜೀವಂತ ಇರುತ್ತದೆ. ನಿನ್ನ ಅಂಬಲಿ ಗಡಿಗೆಯಲ್ಲಿ ಬೆಳಗಿನ ಹೊತ್ತಿಗೆ ಗುಳ್ಳೆ ಏಳುತ್ತವಲ್ಲ, ಹಾಗೆ. ಮೇಲೆ ಮರದ ಬಿರಡೆ ಇರುತ್ತದೆ. ಮೆತ್ತನೆಯ ಬಿರಡೆ ಹಾಕಿದರೆ ಗಾಳಿ ಹೊರಗೆ ಹೋಗುತ್ತದೆ, ಗಟ್ಟಿ ಬಿರಡೆ ಹಾಕಿದರೆ ಒಳಗೇ ನಿಲ್ಲುತ್ತದೆ. ಯಾವಾಗ ಯಾವುದು ಎನ್ನುವುದನ್ನು ಕಿವಿ ಹಚ್ಚಿ ಕೇಳಿ ತೀರ್ಮಾನಿಸಬೇಕು. ತೆರೆದ ಮೇಲೆ ಮೂರು ದಿನ, ಆಮೇಲೆ ಹುಳಿಯಾಗುತ್ತದೆ. ಹುಳಿಯಾದದ್ದನ್ನು ಡೋರೀನ್ ಮೋರಿಗೆ ಚೆಲ್ಲಿಸುತ್ತಾಳೆ, ಗಿರಾಕಿಗೆ ಕೊಡುವುದಿಲ್ಲ. ಹುಲಿಗೇಶನ 'ಮಷೀನು' ಆ ಬಿಯರನ್ನು ಮೇಲೆಳೆಯುವ ಪಂಪು, ನಮ್ಮೂರ ಬೋರಿನ ಹ್ಯಾಂಡ್‌ಪಂಪಿನ ತಂಗಿ.

"ನಲವತ್ತು ಪಬ್ಬುಗಳಲ್ಲಿ ಕೂತು ನೋಡಿ ಬರುವ ತನಕ ನಿನ್ನನ್ನು ನೆಲಮಾಳಿಗೆಯವಳು ಎಂದು ನಾನು ಒಪ್ಪುವುದಿಲ್ಲ" ಎಂದು ಡೋರೀನ್ ಹಟ ಹಿಡಿದಿದ್ದಾಳೆ. ಹಾಗಾಗಿ ರಜೆಯ ಸೋಮವಾರ ಬಸ್ಸು ಹತ್ತಿ ಈ ಜಿಲ್ಲೆಯ ಹಳ್ಳಿಹಳ್ಳಿ ತಿರುಗುತ್ತೇನೆ. ಗುಡ್ಡ, ಕಲ್ಲಿನ ಬೇಲಿ, ಕುರಿ. ಮುಂಡರಗಿ ಕಡೆಯ ಕುರಿಗಾರರು ನೋಡಿದರೆ ಬಿಟ್ಟು ಹೋಗಲಿಕ್ಕಿಲ್ಲ. ಪ್ರತಿ ಪಬ್ಬಿನಲ್ಲೂ ಅರ್ಧ ಲೋಟ ಮಾತ್ರ. ಯಾವ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ), ಎಷ್ಟು ತಂಪು, ಪೈಪು ತೊಳೆದಿದ್ದಾರೋ ಇಲ್ಲವೋ, ಎಲ್ಲ ಬರೆದುಕೊಳ್ಳುತ್ತೇನೆ. ಮಕ್ಕಳ ತೂಕ ಬರೆಯುವ ನಿನ್ನ ರಿಜಿಸ್ಟರಿನಂತೆಯೇ ಗೆರೆ ಹಾಕಿಕೊಂಡಿದ್ದೇನೆ. ಇಲ್ಲಿಯವರೆಗೆ ಹತ್ತೊಂಬತ್ತು ಮುಗಿದವು. ಒಂದೂರಿನ ಪಬ್ಬಿನ ಹೆಸರು 'ಸದ್ದಿಲ್ಲದ ಹೆಂಗಸು'. ಬೋರ್ಡಿನ ಮೇಲೆ ತಲೆಯಿಲ್ಲದ ಹೆಂಗಸಿನ ಚಿತ್ರ. ಅದನ್ನು ನೋಡಿ ನಿನ್ನನ್ನೇ ನೆನೆದೆ, ನೀನು ಇದ್ದಿದ್ದರೆ ಒಳಗೆ ಹೋಗುತ್ತಿರಲಿಲ್ಲ, ಆ ಬೋರ್ಡು ಇಳಿಸಲಿಕ್ಕೆ ಮೊದಲು ಏಣಿ ಕೇಳುತ್ತಿದ್ದಿ ಎಂದು.

ಐವತ್ತು ವರ್ಷದ ಹಿಂದೆ ದೊಡ್ಡ ಕಂಪನಿಗಳು ಈ ಜೀವಂತ ಬಿಯರನ್ನು ನಿಲ್ಲಿಸಿ ಸತ್ತ ಬಿಯರನ್ನು ಡಬ್ಬಿಯಲ್ಲಿ ತುಂಬಿ ಮಾರಲು ಹೊರಟಾಗ ಇಲ್ಲಿನ ಸಾಮಾನ್ಯ ಜನ ಸಂಘ ಕಟ್ಟಿ ಬೀದಿಗಿಳಿದರಂತೆ. ಅವರು ಹಟ ಮಾಡಿದ್ದಕ್ಕೇ ಇವತ್ತು ಇದು ಉಳಿದಿದೆ.

ನಾನು ಕೆಲಸ ಬಿಡುವುದಿಲ್ಲ ಅವ್ವಾ. ಬಯ್ಯಬೇಕಾದರೆ ಬಯ್ದು ಬರೆ.

ಸುಳ್ಳಿಗೆ ನಾಚಿದ, ಕೆಲಸಕ್ಕೆ ನಾಚದ
ಮಮತಾ

•

ಸೊರಟೂರ
16 ಆಗಸ್ಟ್ 2024

ಮಮತಾ,

ಕುಡುಕರಿಗೂ ಸಂಘ! ಕೇಳಿ ಹನಮಂತವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಜೀವಂತ ಬಿಯರು ಅಂತ ಬರೆದಿದ್ದೀ. ನಿಮ್ಮಪ್ಪ ಸತ್ತ, ಬಿಯರು ಜೀವಂತ. ನನ್ನ ಅಂಬಲಿ ಗಡಿಗೆಯ ಹೆಸರನ್ನು ಇನ್ನೊಮ್ಮೆ ಅದರ ಜೊತೆಗೆ ತರಬೇಡ.

ಇಪ್ಪತ್ತಕ್ಕೆ ಲಗ್ನವಾಗಿ ಮೂವತ್ತಕ್ಕೆ ಕುಂಕುಮ ಅಳಿಸಿಕೊಂಡವಳು ನಾನು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಆ ಮನುಷ್ಯ ಬರಿಗೈಯಲ್ಲಿ ಗೋಡೆ ಕೆರೆದದ್ದನ್ನು ನೀನೂ ನೋಡಿದ್ದೀ. ಅದನ್ನು ನೋಡಿದ ಕಣ್ಣಿನಲ್ಲೇ ಈಗ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತೀ. ಹೇಗೆ ಮನಸ್ಸು ಬರುತ್ತದೋ ನನಗೆ ತಿಳಿಯುವುದಿಲ್ಲ. ನೀನು ಬರೆದದ್ದನ್ನು ಮೂರು ಸಲ ಓದಿದೆ, ಆದರೂ ತಿಳಿಯಲಿಲ್ಲ.

ಫ್ಲೆಕ್ಸು ಇನ್ನೂ ಅಲ್ಲೇ ಇದೆ. ಇಳಿಸುತ್ತೇನೆ ಎಂದು ಹುಲಿಗೇಶ ಅಳುತ್ತ ಬಂದಿದ್ದ. ಬೇಡ ಎಂದೆ. ಈಗ ಇಳಿಸಿದರೆ ಹೆದರಿ ಇಳಿಸಿದರು ಅನ್ನುತ್ತಾರೆ. ದಿನಾ ಅದರ ಕೆಳಗೇ ಹಾದು ಅಂಗನವಾಡಿಗೆ ಹೋಗುತ್ತೇನೆ, ಕತ್ತೆತ್ತಿ ನೋಡುವುದಿಲ್ಲ ಅಷ್ಟೇ.

ಕಳೆದ ವಾರ ಒಂದು ಓಣಿಯಲ್ಲಿ ಸಹಿ ಮಾಡಿದವರು ನಾಲ್ಕು ಮಂದಿ ಬಂದು ತಮ್ಮ ಹೆಸರು ಹೊಡೆದು ಹಾಕಿಸಿಕೊಂಡು ಹೋದರು. ಅಂದಾನಪ್ಪ ಚಹಾದಂಗಡಿಯಲ್ಲಿ ಕೂತು "ತನ್ನ ಮನಿ ದಂಧೆ ಇಂಗ್ಲೆಂಡಿನಾಗ, ಊರಿನ ದಂಧೆ ಬಂದ್ ಮಾಡಾಕ ನಿಂತಾಳ" ಎಂದು ಸಾರುತ್ತಿದ್ದಾನೆ. ಹೀಗೇ ಹೋದರೆ ಅಂಗಡಿ ತೆರೆಯುತ್ತದೆ. ಇನ್ನು ಹತ್ತು ವರ್ಷಕ್ಕೆ ನನ್ನ ಅಂಗನವಾಡಿಯ ಹುಡುಗರು ಎದುರಿಗೇ ಕೂತು ಕುಡಿಯುತ್ತಾರೆ, ನಾನು ಅದನ್ನು ನೋಡಿಕೊಂಡು ರಿಟೈರ್ ಆಗಬೇಕು.

ಅದಕ್ಕೆ ಒಂದು ಕೆಲಸ ಮಾಡು. ಆ ಕೆಲಸ ಬಿಟ್ಟಿದ್ದೇನೆ, ತಪ್ಪಾಯಿತು ಎಂದು ಒಂದು ಕಾಗದ ಬರೆದು ಕಳಿಸು. ಸಭೆಯಲ್ಲಿ ಓದುತ್ತೇನೆ. ಖರೆ ಬಿಡುತ್ತೀಯೋ ಇಲ್ಲವೋ ಆಮೇಲಿನ ಮಾತು. ನನಗೆ ಹದಿನಾಲ್ಕು ತಿಂಗಳು ಸುಳ್ಳು ಹೇಳಿದ್ದೀ, ಊರಿಗೆ ಒಂದು ಸುಳ್ಳು ಹೇಳಲಿಕ್ಕೆ ಕಷ್ಟವಾಗಬಾರದು.

ಆ ತಲೆಯಿಲ್ಲದ ಹೆಂಗಸಿನ ಬೋರ್ಡಿನ ಮಾತು ಮಾತ್ರ ಖರೆ ಬರೆದಿದ್ದೀ. ಏಣಿಯನ್ನೇ ಕೇಳುತ್ತಿದ್ದೆ. ನನ್ನ ತಲೆ ಇನ್ನೂ ಕುತ್ತಿಗೆಯ ಮೇಲೇ ಇದೆ.

ಉತ್ತರದ ದಾರಿ ಕಾಯುವ
ಅವ್ವ

•

ಡರ್ಬಿಶೈರ್
3 ಸೆಪ್ಟೆಂಬರ್ 2024

ಅವ್ವಾ,

ಬರೆಯುವುದಿಲ್ಲ.

ಈ ಮಾತು ಬರೆದು ಎರಡು ದಿನ ಕಾಗದ ಹಾಗೇ ಇಟ್ಟಿದ್ದೆ. ನೀನು ನನ್ನಿಂದ ಮೊದಲ ಸಲ ಏನೋ ಕೇಳಿದ್ದೀ, ಅದನ್ನೇ ಇಲ್ಲ ಅನ್ನುತ್ತಿದ್ದೇನೆ, ನನಗೂ ಸಂಕಟ ಇದೆ. ಆದರೆ ನೀನೇ ಬರೆದಿದ್ದೀ, ಕಾಗದದ ಸುಳ್ಳು ಹಾಗೇ ಉಳಿಯುತ್ತದೆ ಎಂದು.

ಅದರ ಬದಲು ನಡೆದದ್ದನ್ನು ಬರೆಯುತ್ತೇನೆ. ನಮ್ಮ ಪಬ್ಬಿಗೆ ಆರ್ಥರ್ ಎಂಬ ಮುದುಕ ಬರುತ್ತಾನೆ. ಕಲ್ಲಿನ ಕ್ವಾರಿಯಲ್ಲಿ ದುಡಿದವನು, ಹೆಂಡತಿ ಸತ್ತಿದ್ದಾಳೆ. ದಿನಾ ಎರಡು ಲೋಟ, ಕಿಟಕಿಯ ಪಕ್ಕದ ಕುರ್ಚಿ, ಆಮೇಲೆ ಮನೆ. ಹೋದ ರವಿವಾರ ಮಧ್ಯಾಹ್ನ ಬೇರೆಲ್ಲೋ ಕುಡಿದುಕೊಂಡು ಬಂದ. ಕಾಲು ನಿಲ್ಲುತ್ತಿರಲಿಲ್ಲ. ಲೋಟ ಮುಂದೆ ತಳ್ಳಿ ಹಾಕು ಎಂದ. ಅಮಲಿನಲ್ಲಿದ್ದವನಿಗೆ ಹಾಕಿಕೊಡುವುದು ಇಲ್ಲಿಯ ಕಾಯಿದೆಯಲ್ಲಿ ಅಪರಾಧ. ಕಾಯಿದೆ ನನಗೆ ನೆನಪಾದದ್ದು ಆಮೇಲೆ. ಅವನ ಕೈ ನಡುಗುತ್ತಿತ್ತು, ಅದು ನನಗೆ ಕಾಣಿಸಿತು. ಪಂಪಿನ ಹಿಡಿಕೆಯಿಂದ ಕೈ ತೆಗೆದು "ಸಾಕು ಆರ್ಥರ್, ಮನೆಗೆ ಹೋಗು" ಎಂದೆ.

ಅವನು ಕೌಂಟರ್ ಗುದ್ದಿದ. "ನನಗೆ ಹೇಳಲಿಕ್ಕೆ ನೀನ್ಯಾರು? ನಿನ್ನ ದೇಶಕ್ಕೆ ನೀನು ಹೋಗು" ಎಂದು ಕೂಗಿದ. ಪಬ್ಬು ತುಂಬಿತ್ತು. ಆದರೂ ಇನ್ನೊಮ್ಮೆ ಅಂದೆ, ಸಾಕು, ಮನೆಗೆ ಹೋಗು. ಅಡುಗೆಮನೆಯಿಂದ ಡೋರೀನ್ ಬಂದು ನನ್ನ ಪಕ್ಕ ನಿಂತಳು. "ಈ ಮನೆಯಲ್ಲಿ ಒಬ್ಬರು ಬೇಡ ಅಂದರೆ ಎಲ್ಲರೂ ಬೇಡ ಅಂದಂತೆ" ಎಂದಳು. ಅವನ ಮಗಳಿಗೆ ಫೋನ್ ಮಾಡಿದೆವು. ಅವಳು ಕಾರು ತಂದು ಅಪ್ಪನ ಭುಜ ಹಿಡಿದು ಕರೆದುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದಳು. ನಾನು ನೆಲಮಾಳಿಗೆಗೆ ಇಳಿದು ಪೀಪಾಯಿಗಳ ನಡುವೆ ಕೂತು ಅತ್ತೆ.

ಏಕೆ ಅತ್ತೆ ಎಂದರೆ, ಅವ್ವಾ, ನಮ್ಮೂರಿನ ಸಾರಾಯಿ ಅಂಗಡಿ ನೆನಪಾಯಿತು. ಆಗ ಗುತ್ತಿಗೆದಾರನ ಕಡೆಯಿಂದ ಅಂದಾನಪ್ಪನೇ ಅದರಲ್ಲಿ ಕೂರುತ್ತಿದ್ದ. ಅಪ್ಪ ಹೋಗುವುದಕ್ಕೆ ಹದಿನೈದು ದಿನ ಮೊದಲು ನಾನು ಅಲ್ಲಿಗೆ ಹೋಗಿದ್ದೆ. ಅಂಗಡಿಯ ಕಟ್ಟೆ ನನ್ನ ತಲೆಗಿಂತ ಎತ್ತರ ಇತ್ತು, ಕೈ ಮೇಲೆ ಚಾಚಿದೆ. ಯಾರಿಗೆ, ಏಕೆ, ನೀನ್ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ಎರಡು ಪ್ಯಾಕೆಟ್ಟು ಕೈಗಿಟ್ಟ. ಶಾಣ್ಯಾ ಹುಡುಗಿ ಎಂದು ಒಂದು ಪೆಪ್ಪರಮಿಂಟೂ ಕೊಟ್ಟ. ನನ್ನನ್ನು ಯಾರು ಕಳಿಸಿದ್ದರು ಎನ್ನುವುದನ್ನು ನಾನು ಬರೆಯುವುದಿಲ್ಲ. ನಾವಿಬ್ಬರೂ ಹದಿನೆಂಟು ವರ್ಷ ಅದರ ಮಾತೆತ್ತಿಲ್ಲ, ಈಗಲೂ ಬೇಡ.

ಇಪ್ಪತ್ತಾರನೆಯ ಪಬ್ಬು ಹೋದ ಸೋಮವಾರ ನೋಡಿದೆ. ಅದು ಮುಚ್ಚಿಹೋಗುವುದರಲ್ಲಿತ್ತು, ಊರವರೇ ಕೂಡಿ ಕೊಂಡುಕೊಂಡು ನಡೆಸುತ್ತಿದ್ದಾರೆ. ಒಂದು ಮೂಲೆಯಲ್ಲಿ ಪೋಸ್ಟಾಫೀಸು, ಇನ್ನೊಂದು ಮೂಲೆಯಲ್ಲಿ ಮುದುಕಿಯರು ಸ್ವೆಟರ್ ಹೆಣೆಯುತ್ತ ಕೂತಿದ್ದರು. ಅದು ಮುಚ್ಚಬಾರದೆಂದು ಅವರೂ ನಿನ್ನ ಹಾಗೆ ಮನೆಮನೆ ತಿರುಗಿ ಸಹಿ ಮಾಡಿಸಿದ್ದರಂತೆ. ನೀನೂ ಆ ಮುದುಕಿಯರೂ ಎದುರುಬದುರು ಕೂತರೆ ದೊಡ್ಡ ಜಗಳ ಆಗುತ್ತದೆ. ಆದರೆ ತಮ್ಮೂರಿನಲ್ಲಿ ಏನಿರಬೇಕು ಎನ್ನುವುದನ್ನು ತಾವೇ ಹೇಳಬೇಕು ಎನ್ನುವ ಒಂದು ಮಾತಿಗೆ ಇಬ್ಬರೂ ತಲೆ ಆಡಿಸುತ್ತೀರಿ.

ನನ್ನ ಕೆಲಸ ನಿನಗೆ ಹೇಸಿಕೆ ಅನಿಸಿದರೆ ಅನಿಸಲಿ. ಸಭೆಯಲ್ಲಿ ನನ್ನನ್ನು ಮಗಳೇ ಅಲ್ಲ ಎಂದು ಹೇಳಬೇಕಾಗಿ ಬಂದರೆ ಹೇಳು, ನಾನು ಸಿಟ್ಟಾಗುವುದಿಲ್ಲ. ಬಿಟ್ಟೆ ಎಂದು ಮಾತ್ರ ನನ್ನಿಂದ ಬರೆಸಬೇಡ. ಬೇಡ ಅನ್ನುವ ಕೆಲಸವನ್ನು ನಾನು ಬಹಳ ಕಷ್ಟಪಟ್ಟು ಕಲಿತಿದ್ದೇನೆ.

ನಿನ್ನ ಹಟವನ್ನೇ ಹೊತ್ತು ತಂದ
ಮಮತಾ

•

ಬೆಟಗೇರಿ
21 ಸೆಪ್ಟೆಂಬರ್ 2024

ಮಮತಕ್ಕಾ,

ನನಗ ಪತ್ರ ಬರದು ರೂಢಿ ಇಲ್ಲ. ಫ್ಲೆಕ್ಸಿನ ಮ್ಯಾಲಿನ ಮಾತು ಬಿಟ್ರ ನಾ ಏನೂ ಬರದಾವಲ್ಲ. ಫೋನಿನಾಗ ಹೇಳಿದ್ರ ನೀ ಬೈತಿ ಅಂತ ಹಾಳಿ ತಗೊಂಡೇನಿ.

ಅಕ್ಕಾ, ನನ್ನ ಕಡೆ ತಪ್ಪಾತು. ಖರೇನ ಅದು ಲ್ಯಾಬ್ ಅಂತ ತಿಳಕೊಂಡಿದ್ದೆ. ಬಿಳಿ ಏಪ್ರನ್, ಕೈಯಾಗ ಗಾಜು, ಹಿಂದ ಹಿತ್ತಾಳಿ ನಳ, ಮತ್ತೇನು ಅನಕೋಬೇಕು ಹೇಳು? ನಾ ನೋಡಿದ ಬಾರಿನಾಗ ಬರೇ ಪ್ಲಾಸ್ಟಿಕ್ ಕುರ್ಚಿ ಇರ್ತಾವು.

ಈಗ ಮುಖ್ಯ ಖಬರ ಕೇಳು. ಮೊನ್ನಿ ಅಂದಾನಪ್ಪ ನನ್ನ ಅಂಗಡಿಗೇ ಬಂದಿದ್ದ. ನಿನ್ನ ಅದ ಫೋಟೋ ಹನ್ನೆರಡು ಅಡಿ ಮಾಡಿ ಕೊಡು ಅಂದ, ಅಕ್ಷರ ಬ್ಯಾಡ, ಬರೇ ಫೋಟೋ. ಗ್ರಾಮಸಭಾದಾಗ ಕಟ್ಟಾಂವ ಅಂತ. ನನ್ನ ಮೈಯೆಲ್ಲಾ ಉರೀತು. ಹೊರಗ ಹಾಕಬೇಕು ಅನಿಸ್ತು. ಆದ್ರ ಇನ್ನೊಬ್ಬರ ಕಡೆ ಮಾಡಸ್ಕೊಂತಾನ ಅಂತ ಸುಮ್ಮನ ಹೂಂ ಅಂದು ಸೊರಟೂರಿಗೆ ಓಡಿದೆ.

ಅತ್ತಿ ಹುಡುಗರಿಗೆ ಉಪ್ಪಿಟ್ಟು ಬಡಸಾಕತ್ತಿದ್ಲು. ಹೇಳಿದೆ. ಸೌಟು ಕೈಯಾಗ ಹಿಡಕೊಂಡ ನಿಂತ್ಲು. ಆಮ್ಯಾಲ ಅಂದ್ಲು, "ಅಚ್ಚ ಹಾಕಿ ಕೊಡು. ಮಸಕು ಬರಬಾರದು. ಆಕೀ ಮಾರಿ ಚೆಂದಾಗಿ ಕಾಣಬೇಕು."

ನಾ "ಅತ್ತಿ, ತಲಿ ಕೆಟ್ಟೈತೇನು?" ಅಂದೆ. ಆಕಿ "ನೀ ಮೊದಲ ಮಾಡಿದ ಫ್ಲೆಕ್ಸಿನಾಗ ಆಕೀಗಿಂತ ನಿನ್ನ ಮಾರೀನ ದೊಡ್ಡದಿತ್ತು. ಈ ಸಲ ಆಕೀದು ಒಬ್ಬಾಕೀದ ಇರಲಿ" ಅಂದ್ಲು.

ನಿನ್ನ ಕಾಗದ ಬಂದಾಗಿಂದ ಆಕಿ ಅದನ್ನ ಹಾಜರಿ ರಿಜಿಸ್ಟರಿನಾಗ ಇಟ್ಕೊಂಡು ತಿರಗ್ಯಾಡಾಕತ್ಯಾಳ. ಓದ್ತಾಳ, ಮುಚ್ತಾಳ. ಏನ್ ಬರದಿ ಅಕ್ಕಾ ಅದರಾಗ? ನಾ ಕೇಳಿದ್ರ ಹೇಳವಲ್ಲಳು.

ಯಳವತ್ತಿ, ಬಾಳೆಹೊಸೂರಿನ ಸಂಘದ ಹೆಣಮಕ್ಕಳೂ ಅವತ್ತು ಟೆಂಪೋ ಮಾಡ್ಕೊಂಡು ನೋಡಾಕ ಬರ್ತಾರಂತ. ಏನಾಗ್ತೈತೋ ನನಗ ತಿಳೀವಲ್ದು.

ಇನ್ನ ಮ್ಯಾಲ ಕೇಳಲಾರದ ಯಾರ ಫೋಟೋನೂ ಹಾಕಂಗಿಲ್ಲ ಅಂತ ಕಿವಿ ಹಿಡಕೊಂಡ
ಹುಲಿಗೇಶ

•

ಸೊರಟೂರ
4 ಅಕ್ಟೋಬರ್ 2024

ಮಗಳೇ,

ಮೊನ್ನೆ ಗ್ರಾಮಸಭೆ ಆಯಿತು. ನೀನೇ ಅಲ್ಲಿ ನಿಂತು ನೋಡಿದಂತೆ ಇರಲಿ ಎಂದು ಒಂದೊಂದಾಗಿ ಬರೆಯುತ್ತೇನೆ.

ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ನಾನು ಹೋಗುವುದರೊಳಗೆ ಅಂದಾನಪ್ಪ ನಿನ್ನನ್ನು ಕಟ್ಟಿಸಿಬಿಟ್ಟಿದ್ದ. ಹನ್ನೆರಡು ಅಡಿ. ಹುಲಿಗೇಶ ಹೇಳಿದ ಮಾತು ಕೇಳಿದ್ದಾನೆ, ನಿನ್ನ ಹುಬ್ಬಿನ ಮೇಲಿನ ಮಚ್ಚೆ ಕೂಡ ಎದ್ದು ಕಾಣುತ್ತಿತ್ತು. ಮೂರು ತಿಂಗಳು ಕತ್ತೆತ್ತದವಳು ಅವತ್ತು ಎತ್ತಿ ನೋಡಿದೆ. ಲೋಟದ ಕಡೆ ನೋಡುತ್ತಿದ್ದ ನಿನ್ನ ಕಣ್ಣು, ನಾನು ಮಕ್ಕಳ ತೂಕದ ಮುಳ್ಳು ನೋಡುವಾಗಿನ ಕಣ್ಣು. ಅದು ನನಗೆ ಮೊದಲು ಕಂಡಿರಲಿಲ್ಲ.

ಅಂಗಡಿಯ ವಿಷಯ ಬಂದಾಗ ಅಂದಾನಪ್ಪ ಎದ್ದು ನಿಂತ. "ನಾ ಏನೂ ಮಾತಾಡಂಗಿಲ್ಲರಿ. ಫೋಟೋನ ಮಾತಾಡ್ತೈತಿ. ತಮ್ಮ ಮಗಳು ಮಾಡಿದ್ರ ವಿಜ್ಞಾನ, ನಾ ಮಾಡಿದ್ರ ಪಾಪ?" ಎಂದ. ಗಂಡಸರು ಶಿಳ್ಳೆ ಹೊಡೆದರು. ಹನಮಂತವ್ವ ನನ್ನ ಮೊಣಕೈ ಹಿಡಿದು "ಕುಂಡ್ರವಾ, ನಾ ಮಾತಾಡ್ತೇನಿ" ಎಂದಳು. ನಾನು ಕೂರಲಿಲ್ಲ.

"ಹೌದ್ರೀ, ಆಕಿ ನನ್ನ ಮಗಳು. ಬಿಯರ್ ಹಾಕ್ತಾಳ. ಎಲ್ಲಾರೂ ಚೆಂದಾಗಿ ನೋಡ್ಕೋರಿ, ಅದಕ್ಕ ಅಂದಾನಪ್ಪ ಇಷ್ಟು ದೊಡ್ಡದು ಮಾಡಿಸ್ಯಾನ" ಎಂದೆ. ಶಿಳ್ಳೆ ನಿಂತವು. ಆಮೇಲೆ ರಿಜಿಸ್ಟರಿನಿಂದ ನಿನ್ನ ಕಾಗದ ತೆಗೆದು ಆರ್ಥರನ ಭಾಗವನ್ನು ಓದಿದೆ. ಪೆಪ್ಪರಮಿಂಟಿನ ಭಾಗ ಓದಲಿಲ್ಲ, ಅಲ್ಲಿ ಮಡಚಿದೆ. ಓದಿ ಮುಗಿಸಿ ಅಂದಾನಪ್ಪನ ಕಡೆ ತಿರುಗಿ ಕೇಳಿದೆ:

"ಅಂದಾನಪ್ಪ, ನೀ ಸಾರಾಯಿ ಅಂಗಡ್ಯಾಗ ಆರು ವರ್ಷ ಕುಂತಿ. ಆರು ವರ್ಷದಾಗ ಒಬ್ಬಾವಂಗರ 'ಸಾಕು, ಮನಿಗಿ ಹೋಗು' ಅಂದಿಯೇನು? ಒಬ್ಬನ ಹೆಸರು ಹೇಳು. ಒಂದು ಹೆಸರು ಹೇಳು, ಈ ಸಹಿ ಹಾಳಿ ಎಲ್ಲಾ ಇಲ್ಲೇ ಹರದು ಮನಿಗಿ ಹೋಗ್ತೇನಿ."

ಅವನು ಗಂಡಸರ ಕಡೆ ನೋಡಿದ. ಯಾರಾದರೂ 'ನನಗಂದಿದ್ದ' ಅನ್ನುತ್ತಾರೇನೋ ಎಂದು ಕಾದ. ಅವನ ಅಂಗಡಿಯಲ್ಲಿ ಕುಡಿದವರು ಅರ್ಧ ಮಂದಿ ಅಲ್ಲೇ ಇದ್ದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಆಗ ಅವನಿಗೆ ಸಿಟ್ಟು ಬಂತು, ಬರಬಾರದಿತ್ತು. ಬೆರಳು ತೋರಿಸಿ ಕೂಗಿದ: "ಬಾಳ ಶಾಣ್ಯಾತನ ಮಾಡಬ್ಯಾಡ ಸಾವಂತ್ರೆವ್ವ! ಮೊಳದುದ್ದದ ಹುಡುಗೀನ್ನ ನನ್ನ ಅಂಗಡಿಗೆ ಪ್ಯಾಕೀಟು ತರಾಕ ಕಳಿಸಿದಾಕಿ ನೀನ ಅಲ್ಲೇನು? ನೆನಪೈತೇನು?"

ಮಮತಾ, ಹದಿನೆಂಟು ವರ್ಷ ಆ ಮಾತಿಗೆ ಹೆದರಿಕೊಂಡು ಬದುಕಿದ್ದೇನೆ. ನಿನಗೂ ಹೆದರಿದ್ದೇನೆ. ನೀನು ಯಾವತ್ತಾದರೂ ಕೇಳುತ್ತೀ ಎಂದು ಎಷ್ಟೋ ಸಲ ನಿನ್ನ ಮುಖ ನೋಡದೆ ಊಟಕ್ಕೆ ಹಾಕಿದ್ದೇನೆ. ಅವತ್ತು ನಿಮ್ಮಪ್ಪ ನಡುಗುತ್ತಿದ್ದ, ಗೋಡೆ ಕೆರೆಯುತ್ತಿದ್ದ, ಒಂದು ಗುಟುಕು ಬಿದ್ದರೆ ಸುಮ್ಮನಾಗುತ್ತಾನೆ ಎಂದು ನನಗನಿಸಿತು. ನಾನು ಹೋದರೆ ಓಣಿಯವರು ನೋಡುತ್ತಾರೆ ಎಂದು ನಿನ್ನನ್ನು ಕಳಿಸಿದೆ. ನನ್ನ ಮಾನ ಉಳಿಸಿಕೊಳ್ಳಲಿಕ್ಕೆ ನಿನ್ನನ್ನು ಕಳಿಸಿದೆ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ನಿಂತಲ್ಲೇ ಕುಸಿದು ಬೀಳುತ್ತೇನೆ ಅಂದುಕೊಂಡಿದ್ದೆ. ಅಂದಾನಪ್ಪ ಹೇಳಿದ, ಇಡೀ ಊರು ಕೇಳಿತು, ನಾನು ನಿಂತೇ ಇದ್ದೆ.

"ನೆನಪೈತಿ" ಎಂದೆ. "ಕಳಿಸಿದಾಕಿ ನಾನ. ಕೊಟ್ಟಾಂವ ನೀನ. ಬ್ಯಾಡ ಅನ್ನಬೇಕಾದ ಇಬ್ಬರೂ ಅವತ್ತ ಅನ್ನಲಿಲ್ಲ. ಆ ಮೊಳದುದ್ದದ ಹುಡುಗೀನ ನೋಡು ಅಲ್ಲಿ ಮ್ಯಾಲ ನಿಂತಾಳ, ನೀನ ಕಟ್ಟಿಸೀದಿ. ನಮ್ಮ ಮೂವರಾಗ ಬ್ಯಾಡ ಅನ್ನಾಕ ಕಲತಾಕಿ ಆಕಿ ಒಬ್ಬಾಕೀನ. ಈಗ ನಾನೂ ಕಲತೇನಿ. ಅಂಗಡಿ ಬ್ಯಾಡ."

ಹನಮಂತವ್ವ ಎದ್ದು "ಬ್ಯಾಡ" ಎಂದಳು. ಅವಳ ಹಿಂದೆ ಹೆಂಗಸರೆಲ್ಲ ಎದ್ದರು. ಹೆಸರು ಹೊಡೆಸಿಕೊಂಡು ಹೋಗಿದ್ದ ನಾಲ್ಕು ಮಂದಿಯೂ ಎದ್ದರು. ಗಂಡಸರಲ್ಲಿ ಮೊದಲು ಎದ್ದವನು ನಿಮ್ಮಪ್ಪನ ಜೊತೆ ಹಮಾಲಿ ಮಾಡುತ್ತಿದ್ದ ಅಯ್ಯೂಬ. ಅವನ ಕೈ ಈಗಲೂ ನಡುಗುತ್ತದೆ, ಆ ನಡುಗುವ ಕೈಯನ್ನೇ ಎತ್ತಿದ. ಕಾರ್ಯದರ್ಶಿ ಠರಾವು ಬರೆದುಕೊಂಡರು. ಅಂದಾನಪ್ಪ ಇದನ್ನು ಇಲ್ಲಿಗೇ ಬಿಡುವುದಿಲ್ಲ, ಗದಗಿಗೆ ಹೋಗಿ ಮೇಲಿನವರನ್ನು ನೋಡುತ್ತೇನೆ ಅಂದಿದ್ದಾನೆ. ಹೋಗಲಿ. ಗದಗಿಗೆ ನಮಗೂ ಬಸ್ಸಿದೆ.

ಅಂದಾನಪ್ಪ ಬಿಟ್ಟುಹೋದ ದೊಡ್ಡ ಫ್ಲೆಕ್ಸನ್ನು ಬಣವೆಗೆ ಹೊದಿಸಲು ಕೊಡು ಎಂದು ಹನಮಂತವ್ವ ಕೇಳಿದಳು. ಕೊಡಲಿಲ್ಲ. ಅಂಗನವಾಡಿಯ ಹೊರಗೋಡೆಗೆ ಕಟ್ಟಿಸಿದ್ದೇನೆ, ಅಂದಾನಪ್ಪನ ಜಾಗದ ಕಡೆ ಮುಖ ಮಾಡಿ. ಇದು ಯಾರು ಟೀಚರ್ ಎಂದು ಹುಡುಗರು ಕೇಳುತ್ತಾರೆ. ಬ್ಯಾಡ ಅನ್ನಾಕಿ ಎಂದು ಹೇಳಿದ್ದೇನೆ.

ನಿನ್ನ ಕೆಲಸವನ್ನು ಒಪ್ಪಿದೆ ಎಂದು ತಿಳಿಯಬೇಡ. ಒಪ್ಪಿಲ್ಲ. ಆ ವಾಸನೆ ಈ ಜನ್ಮದಲ್ಲಿ ನನಗೆ ಒಗ್ಗುವುದಿಲ್ಲ, ನಿನ್ನ ಏಲ್ ಜೀವಂತ ಇರಲಿ ಸತ್ತಿರಲಿ. ನೀನು ಊರಿಗೆ ಬಂದಾಗ ಈ ಜಗಳ ಮುಂದುವರಿಸೋಣ. ಇನ್ನು ಹದಿನಾಲ್ಕು ಪಬ್ಬು ಉಳಿದಿರಬೇಕು, ಹಿಡಿದ ಕೆಲಸ ಅರ್ಧಕ್ಕೆ ಬಿಡಬೇಡ. ಆರ್ಥರ್ ಮತ್ತೆ ಬಂದನೇ, ಅವನ ಮಗಳು ಹೇಗಿದ್ದಾಳೆ, ಅದನ್ನೂ ತಿಳಿಸು.

ಇನ್ನೊಂದು ಮಾತು. ಪ್ಯಾಕೆಟ್ಟು ನನ್ನ ಕೈಗೆ ಕೊಟ್ಟು ನೀನು ಹಿತ್ತಲಿಗೆ ಹೋದದ್ದು ನನಗೆ ನೆನಪಿದೆ. ಅಂದಾನಪ್ಪ ಪೆಪ್ಪರಮಿಂಟು ಕೊಟ್ಟಿದ್ದು ಗೊತ್ತಿರಲಿಲ್ಲ. ಅದನ್ನು ನೀನು ತಿಂದೆಯೋ ಒಗೆದೆಯೋ ಬರೆದಿಲ್ಲ. ನಿನ್ನ ಕಾಗದ ಬಂದಾಗಿನಿಂದ ಅದೇ ತಲೆಯಲ್ಲಿ ಕೂತಿದೆ. ಅದನ್ನು ಕಾಗದದಲ್ಲಿ ಬರೆಯಬೇಡ.

ಫೋನ್ ಮಾಡು. ಎತ್ತುತ್ತೇನೆ.

ನಿನ್ನನ್ನು ಕಳಿಸಿದ
ಅವ್ವ